ಮೆಟ್ಟಿಲ ಮೇಲೆ ನಿಂತ ಪ್ಯಾಕೆಟ್

ಮಗು ಉಸಿರಾಡುವುದನ್ನು ಮರೆಯುತ್ತಿತ್ತು. ಹೇಳಿದರೆ ನಂಬುವ ಮಾತಲ್ಲ, ಆದರೆ ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಅದೊಂದು ಚಾಳಿ ಇರುತ್ತದಂತೆ. ಹಾಯಾಗಿ ಮಲಗಿರುತ್ತದೆ, ಪುಟ್ಟ ಎದೆ ಏರುತ್ತ ಇಳಿಯುತ್ತ ಇರುತ್ತದೆ, ಇದ್ದಕ್ಕಿದ್ದಂತೆ ಸಾಕಪ್ಪಾ ಎಂಬಂತೆ ನಿಲ್ಲಿಸಿಬಿಡುತ್ತದೆ. ಯಾರಾದರೂ ಹೋಗಿ ಅಂಗಾಲಿಗೆ ಬೆರಳಿನಿಂದ ಟಪ್ಪೆಂದು ಒಂದೇಟು ಕೊಟ್ಟರೆ ಬೆಚ್ಚಿಬಿದ್ದು ಮತ್ತೆ ಶುರು ಮಾಡುತ್ತದೆ. ಏಟು ಕೊಡುವವರು ಬೇಗ ಹೋಗಬೇಕು, ಅಷ್ಟೇ. ಡಾಕ್ಟರು ಇದನ್ನು ನಗುನಗುತ್ತಲೇ ಹೇಳಿದ್ದರು. ಕೇಳಿಸಿಕೊಂಡ ತಾಯಿ ಅವತ್ತಿನಿಂದ ನೆಟ್ಟಗೆ ನಿದ್ದೆ ಮಾಡಿರಲಿಲ್ಲ.

ಆ ತಾಯಿಗೆ ಒಬ್ಬಳು ಅಕ್ಕ. ಮನೆಯಲ್ಲಿ ದೊಡ್ಡವರೂ ಚಿಕ್ಕವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಹೆತ್ತ ಅಮ್ಮ ಕೂಡ. ನಾವೂ ಹಾಗೇ ಕರೆಯೋಣ. ಈ ಅಕ್ಕನ ಕೆಲಸ ಏನೆಂದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೇಳಿದವರಿಗೆಲ್ಲ ಅಮ್ಮ 'ಕಂಪ್ಯೂಟರಿನ ಹೊಟ್ಟೆ ಒಳಗೆ ಏನೋ ಮಾಡ್ತಾಳೆ' ಎನ್ನುತ್ತಿದ್ದಳು. ಕೇಳಿದವರು ಅಕ್ಕನನ್ನು ಡಾಕ್ಟರೋ ಮೆಕ್ಯಾನಿಕ್ಕೋ ತಿಳಿಯದೆ ತಲೆಯಾಡಿಸಿ ಹೋಗುತ್ತಿದ್ದರು.

ಅವತ್ತು ಮಧ್ಯಾಹ್ನ ಅಕ್ಕ ಆಫೀಸಿಗೆ ರಜೆ ಹಾಕಿ ಆಸ್ಪತ್ರೆಗೆ ಬಂದಳು. ಮಗುವಿನ ಅಪ್ಪ ಬಟ್ಟೆ ತರಲು ಮನೆಗೆ ಹೋಗಿದ್ದ. ಕೂಸುಗಳ ವಾರ್ಡಿನ ಮುಂದೆ ಉದ್ದದ ಓಣಿ, ಒಂದು ಕಡೆ ಪೂರಾ ಗಾಜಿನ ಗೋಡೆ, ಇನ್ನೊಂದು ಕಡೆ ನೆಲಕ್ಕೆ ಬಿಗಿದ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ತಂಗಿ ಕೊನೆಯ ಕುರ್ಚಿಯಲ್ಲಿ, ಹಣೆಯನ್ನು ಗಾಜಿಗೆ ಒತ್ತಿಕೊಂಡು ಕೂತಿದ್ದಳು. ಅವಳ ಹಣೆ ತಾಗಿದ ಕಡೆ ಗಾಜು ಜಿಡ್ಡಾಗಿತ್ತು.

"ಊಟ ಆಯ್ತಾ?"

"ಹೂಂ."

"ಸುಳ್ಳು ಹೇಳ್ಬೇಡ."

"ಇಲ್ಲ ಅಕ್ಕಾ, ಆಗಿಲ್ಲ. ಎದ್ದು ಹೋದ್ರೆ ಅಷ್ಟರಲ್ಲಿ ಇವಳು ಮರೆತುಬಿಟ್ರೆ?"

ಗಾಜಿನ ಆಚೆ ಪಾರದರ್ಶಕ ಮುಚ್ಚಳದ ತೊಟ್ಟಿಲುಗಳ ಸಾಲಿತ್ತು. ಒಂದನ್ನು ಬಿಟ್ಟು ಎಲ್ಲವೂ ಖಾಲಿ. ಆ ಒಂದರಲ್ಲಿ ಅಂಗೈಯಗಲದ ಟೊಪ್ಪಿಗೆ ಹಾಕಿಕೊಂಡು ಇವರ ಮಗು ಮಲಗಿತ್ತು. ಕಾಲಿಗೆ ಬಿಳಿಯ ರಬ್ಬರಿನ ಪಟ್ಟಿ. ಉಸಿರು ನಿಂತರೆ ಆ ಪಟ್ಟಿ ಸುದ್ದಿ ಕಳಿಸುತ್ತದೆ, ಈಚೆ ಓಣಿಯಲ್ಲಿ ನರ್ಸ್ ಮೇಜಿನ ಮೇಲಿರುವ ಬೋರ್ಡು ಗಂಟೆ ಬಾರಿಸುತ್ತದೆ, ನರ್ಸ್ ಓಡಿ ಹೋಗಿ ಕಾಲಿಗೆ ಏಟು ಕೊಡುತ್ತಾಳೆ. ಕೂಸುಗಳು ಬೆಚ್ಚಬಾರದೆಂದು ತೊಟ್ಟಿಲ ಹತ್ತಿರ ಯಾವ ಸದ್ದನ್ನೂ ಇಟ್ಟಿರಲಿಲ್ಲ.

ಅಕ್ಕನ ಕಣ್ಣು ಆ ಮೇಜಿನ ಕಡೆ ಹೋಯಿತು. ಬೋರ್ಡಿನ ಕೆಳಗೆ ಬೂದು ಬಣ್ಣದ ಚಪ್ಪಟೆ ಡಬ್ಬಿ, ಅದರ ಮೂಲೆಯಲ್ಲಿ ಅವಳ ಕಂಪನಿಯ ಗುರುತು. ಅವಳ ಮುಖ ಊರಗಲವಾಯಿತು.

"ಏಯ್, ಅದು ನಮ್ಮ ಡಬ್ಬಿ ಕಣೇ! ಅದರೊಳಗೆ ಓಡ್ತಿರೋದು ನಾನು ಬರೆದಿದ್ದು!"

ತಂಗಿ ಮೊದಲ ಸಲ ಗಾಜಿನಿಂದ ಹಣೆ ತೆಗೆದಳು. "ನಿಜವಾಗ್ಲೂ? ನೀನು ಏನು ಬರೆದೆ ಅದರಲ್ಲಿ?"

ಈ ಪ್ರಶ್ನೆಯನ್ನು ಮನೆಯವರು ಯಾರೂ ಈವರೆಗೆ ಕೇಳಿರಲಿಲ್ಲ. ಅಕ್ಕನಿಗೆ ಹಿಡಿಸಲಾರದ ಹಿಗ್ಗು. ಕಾಲು ಮಡಚಿ ಕುರ್ಚಿಯ ಮೇಲೆ ಕೂತು ಶುರು ಹಚ್ಚಿದಳು.

"ಡಬ್ಬಿ ಒಳಗೆ ಕರ್ನೆಲ್ ಅಂತ ಇರುತ್ತೆ. ಮನೆಗೆ ಯಜಮಾನಿ ಇದ್ದ ಹಾಗೆ, ಎಲ್ಲ ಕೆಲಸಾನೂ ಅವಳೇ ನೋಡ್ಕೋಬೇಕು. ಮಗು ಕಾಲಿನ ಪಟ್ಟಿ ಹೇಳೋ ಒಂದೊಂದು ಮಾತೂ ಒಂದು ಪ್ಯಾಕೆಟ್. ಅದು ಬಂದು ಬಾಗಿಲಲ್ಲಿ ಗಂಟೆ ಒತ್ತುತ್ತೆ. ಯಜಮಾನಿ ಒಲೆ ಮೇಲಿಟ್ಟಿದ್ದು ಬಿಟ್ಟು ಓಡಿ ಬಂದು ಒಳಗೆ ಕರ್ಕೋತಾಳೆ. ಒಬ್ಬಿಬ್ಬರು ಬಂದ್ರೆ ಸರಿ. ನೂರಾರು ಜನ ಒಂದೇ ಸಮ ಗಂಟೆ ಒತ್ತಿದ್ರೆ?"

"ಓಡಾಡಿ ಓಡಾಡಿ ಸಾಯ್ತಾಳೆ."

"ಹಾಂ! ಬರೀ ಓಡಾಟ, ಅಡುಗೆ ಇಲ್ಲ. ಬಂದವರೂ ಬಾಗಿಲಿಂದಲೇ ವಾಪಸ್ಸು. ಅದಕ್ಕೆ ಒಂದು ಉಪಾಯ ಇದೆ. ಮೊದಲನೆಯವನು ಗಂಟೆ ಒತ್ತಿದ ತಕ್ಷಣ ಗಂಟೆ ಆಫ್ ಮಾಡಿಬಿಡೋದು. ಬಾಗಿಲಲ್ಲೇ ನಿಂತು ಬಂದವರನ್ನೆಲ್ಲ ಗುಂಪಾಗಿ ಒಳಗೆ ತಗೊಳ್ಳೋದು. ಮೆಟ್ಟಿಲು ಖಾಲಿ ಆದ್ಮೇಲೆ ಗಂಟೆ ಆನ್ ಮಾಡಿ ಅಡುಗೆಮನೆಗೆ ಹೋಗೋದು. ಇದನ್ನ ಹಿಂದೆ ನಮ್ಮ ಮೇಷ್ಟ್ರು ಬರೆದಿದ್ರು. ನಾನು ಅದನ್ನೇ ಇನ್ನೂ ಚುರುಕು ಮಾಡಿದೆ. ಯಜಮಾನಿಯ ಸುಮ್ಮಸುಮ್ಮನೆ ಓಡಾಟ ಎಲ್ಲ ತೆಗೆದುಹಾಕಿದೆ. ನಮ್ಮ ಮ್ಯಾನೇಜರು ಎಲ್ಲರ ಎದುರು ಎದ್ದು ನಿಂತು ಚಪ್ಪಾಳೆ ಹೊಡೆದ್ರು ಗೊತ್ತಾ?"

ತಂಗಿಗೆ ಎಷ್ಟು ಅರ್ಥವಾಯಿತೋ ದೇವರಿಗೇ ಗೊತ್ತು. ಆದರೆ ಅವಳ ಭುಜ ಇಳಿಯಿತು, ಮುಖ ಸಡಿಲವಾಯಿತು. "ಹಾಗಾದ್ರೆ ಅಲ್ಲಿ ಕೂತು ಇವಳನ್ನ ಕಾಯ್ತಾ ಇರೋದು ನೀನೇ ಅಂತ ಆಯ್ತಲ್ಲ ಅಕ್ಕಾ. ಅಯ್ಯೋ, ಇದನ್ನ ಮೊದಲೇ ಹೇಳಬಾರದಿತ್ತಾ? ನನಗೆ ಈಗ ಧೈರ್ಯ ಬಂತು ನೋಡು. ಒಂದು ಗಳಿಗೆ ಬೆನ್ನು ಚಾಚಿ ಬರ್ಲಾ?"

"ಹೋಗು, ಹೋಗಿ ಮಲ್ಕೋ. ನಾನಿದೀನಿ."

ಓಣಿಯ ತುದಿಯಲ್ಲಿ ತಾಯಂದಿರ ಕೋಣೆ ಇತ್ತು. ತಂಗಿ ಗೋಡೆ ಹಿಡಿದುಕೊಂಡು ಅಲ್ಲಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಮೇಜಿನ ಹಿಂದೆ ಕೂತಿದ್ದ ನರ್ಸ್ ವಯಸ್ಸಾದವಳು, ಮಾತಿನ ಮಲ್ಲಿ. ಅಕ್ಕ ಡಬ್ಬಿ ನೋಡಲೆಂದು ಹತ್ತಿರ ಹೋದದ್ದೇ ತಡ, ಅವಳು ಕಥೆ ಶುರು ಮಾಡಿದಳು. ಈ ವಾರ್ಡಿಗೆ ಬಣ್ಣ ಹೊಡೆಯಬೇಕಂತೆ. ಅದಕ್ಕೇ ಬೆಳಿಗ್ಗೆ ಉಳಿದ ಕೂಸುಗಳನ್ನೆಲ್ಲ ಪಕ್ಕದ ಕಟ್ಟಡಕ್ಕೆ ಸಾಗಿಸಿದ್ದಾರೆ. ಇವರ ಮಗು ತೀರ ಚಿಕ್ಕದು, ಅಲುಗಾಡಿಸುವುದು ಬೇಡ ಎಂದು ಡಾಕ್ಟರು ಇಲ್ಲೇ ಬಿಟ್ಟಿದ್ದಾರೆ.

"ಒಳ್ಳೇದೇ ಆಯ್ತು ಬಿಡಿ. ಒಂದೇ ಮಗು, ಒಬ್ಬಳೇ ನರ್ಸು. ರಾಣಿ ಥರ ನೋಡ್ಕೋತೀನಿ. ಈ ಡಬ್ಬಿನೂ ಒಳ್ಳೇದೇ. ಮುಂಚೆ ವಾರ್ಡ್ ತುಂಬಿದಾಗ ಬೋರ್ಡು ಕಲ್ಲಿನ ಹಾಗೆ ಕೂತ್ಬಿಡೋದು. ಈಗ ಎಷ್ಟು ಕೂಸಿದ್ರೂ ಚಕಚಕ ಅಂತ ತೋರಿಸುತ್ತೆ."

ಅಕ್ಕ ಉಬ್ಬಿ ಹೋದಳು. ಅದು ತನ್ನ ಕೈಕೆಲಸ ಎಂದು ಹೇಳಬೇಕೆಂದು ಬಾಯಿ ತೆರೆದಳು ಕೂಡ.

"ಆದ್ರೆ ಇವತ್ತು ಒಂದು ತಮಾಷೆ ನೋಡಿ" ಎಂದಳು ನರ್ಸ್, ನಗುತ್ತ. "ಒರೆಸೋಣ ಅಂತ ಮಗು ಹತ್ರ ಹೋದೆ. ಮರೆತು ಮಲಗಿತ್ತು. ಕಾಲಿಗೆ ಒಂದು ಕೊಟ್ಟೆ, ಕುಯ್ ಅಂತು. ಕೈ ತೊಳ್ಕೊಂಡು ಬಂದು ಇಲ್ಲಿ ಕೂತ್ಕೋತೀನಿ, ಆಮೇಲೆ ಟಿಣ್ ಟಿಣ್ ಅನ್ನುತ್ತೆ ಈ ಬೋರ್ಡು! ಎಲ್ಲರೂ ನಕ್ಕು ಮನೆಗೆ ಹೋದ್ಮೇಲೆ ನಗೋರು ಇರ್ತಾರಲ್ಲ, ಹಾಗೆ."

ಅಕ್ಕ ತಾನೂ ನಕ್ಕಳು. ನಗು ಅರ್ಧಕ್ಕೆ ನಿಂತಿತು.

"ಮುಂಚೆ ಹಾಗಾಗ್ತಿತ್ತಾ ಸಿಸ್ಟರ್?"

"ಇಲ್ಲಮ್ಮ, ಇವತ್ತೇ. ವಾರ್ಡ್ ಖಾಲಿ ಆದ್ಮೇಲೆ. ಅದಕ್ಕೂ ಬೇಜಾರೇನೋ ಪಾಪ."

ಅಕ್ಕ ಹಿಂದೆ ಬಂದು ಕುರ್ಚಿಯಲ್ಲಿ ಕೂತಳು. ವಾರ್ಡು ತುಂಬಿದ್ದಾಗ ಸರಿ, ಖಾಲಿಯಾದಾಗ ತಡ. ಇದು ತಲೆಕೆಳಗು. ಕೆಲಸ ಹೆಚ್ಚಾದಾಗ ತಡವಾಗುವುದನ್ನು ಅವಳು ತನ್ನ ಜೀವಮಾನವೆಲ್ಲ ನೋಡಿದ್ದಳು. ಕೆಲಸ ಇಲ್ಲದಾಗ ತಡವಾಗುವುದು ಎಂದರೆ?

ಆಗ ಅವಳಿಗೆ ಮೇಷ್ಟ್ರ ನೆನಪಾಯಿತು.

ಮೇಷ್ಟ್ರು ಎಂದರೆ ಆಫೀಸಿನಲ್ಲಿ ಅವಳಿಗೆ ಕೆಲಸ ಕಲಿಸಿದ ಹಿರಿಯರು. ಈಗ ನಿವೃತ್ತರಾಗಿದ್ದಾರೆ. ಅವರದೊಂದು ವಿಚಿತ್ರ ಅಭ್ಯಾಸವಿತ್ತು. ಸಂಜೆ ಕೋಣೆಗೆ ಬೀಗ ಹಾಕಿ ಲಿಫ್ಟಿನವರೆಗೆ ಹೋಗಿ ವಾಪಸ್ಸು ಬಂದು ಬೀಗವನ್ನು ಒಮ್ಮೆ ಜಗ್ಗಿ ನೋಡುವುದು. ಒಂದು ದಿನವೂ ತಪ್ಪಿಸಿದವರಲ್ಲ. ಎಲ್ಲರೂ ನಗುತ್ತಿದ್ದರು, ಅಕ್ಕ ಎಲ್ಲರಿಗಿಂತ ಜೋರಾಗಿ. ಅವರು ಬರೆದ ಕರ್ನೆಲ್ಲಿನಲ್ಲೂ ಅದೇ ಬುದ್ಧಿ. ಮೆಟ್ಟಿಲು ಖಾಲಿ ಆಯಿತೇ, ಗಂಟೆ ಆನ್ ಮಾಡು. ಆನ್ ಮಾಡಿದ ಮೇಲೆ ಇನ್ನೊಂದು ಸಲ ಬಾಗಿಲು ತೆರೆದು ಮೆಟ್ಟಿಲು ನೋಡು. ಆಮೇಲೆ ಅಡುಗೆಮನೆಗೆ ಹೋಗು.

ಕರ್ನೆಲ್ಲಿಗೆ ಆ ಬಾಗಿಲು ದೂರ. ಪ್ರತಿ ಸುತ್ತಿಗೂ ಇನ್ನೊಮ್ಮೆ ಹೋಗಿ ನೋಡಿ ಬರುವುದು ದಂಡ ಎಂದು ಅಕ್ಕನಿಗೆ ಅನ್ನಿಸಿತ್ತು. 'ಮೇಷ್ಟ್ರು ಇಲ್ಲೂ ಬೀಗ ಜಗ್ಗಿದಾರೆ ನೋಡ್ರೋ' ಎಂದು ಎಲ್ಲರಿಗೂ ತೋರಿಸಿ ನಗಿಸಿ ಆ ಎರಡನೆಯ ನೋಟವನ್ನು ಅಳಿಸಿ ಹಾಕಿದ್ದಳು. ವೇಗ ಜಿಗಿದು ಮೇಲಕ್ಕೆ ಹೋಗಿತ್ತು. ಚಪ್ಪಾಳೆ ಬಿದ್ದದ್ದು ಅದಕ್ಕೇ.

ಆ ನೋಟ ಯಾಕಿತ್ತು? ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅಕ್ಕ ಮೊದಲ ಸಲ ಅದನ್ನು ಯೋಚಿಸಿದಳು. ಯಜಮಾನಿ ಮೆಟ್ಟಿಲು ನೋಡುತ್ತಾಳೆ, ಯಾರೂ ಇಲ್ಲ. ಗಂಟೆ ಆನ್ ಮಾಡಲು ಕೈ ಚಾಚುತ್ತಾಳೆ. ಆ ನಡುವಿನ ಚಿಟಿಕೆಯಷ್ಟು ಹೊತ್ತಿನಲ್ಲಿ ಒಬ್ಬ ಬಂದುಬಿಟ್ಟರೆ? ಅವನು ಗಂಟೆ ಒತ್ತುತ್ತಾನೆ, ಗಂಟೆ ಇನ್ನೂ ಆಫ್. ಆಮೇಲೆ ಅವಳು ಆನ್ ಮಾಡುತ್ತಾಳೆ, ಆದರೆ ಅವನು ಒತ್ತಿ ಆಗಿದೆ, ಎರಡು ಸಲ ಒತ್ತುವವನಲ್ಲ. ಅವನು ಮೆಟ್ಟಿಲ ಮೇಲೆ ನಿಂತೇ ಇರುತ್ತಾನೆ. ಅವಳು ಒಳಗೆ ನಿಶ್ಚಿಂತೆಯಾಗಿ ಇರುತ್ತಾಳೆ.

ಹಿಂದೆಯೇ ಇನ್ನೊಬ್ಬ ಬಂದು ಗಂಟೆ ಒತ್ತಿದರೆ ಅವಳು ಓಡಿ ಬಂದು ಇಬ್ಬರನ್ನೂ ಒಳಗೆ ಕರೆದುಕೊಳ್ಳುತ್ತಾಳೆ. ವಾರ್ಡು ತುಂಬಿದ್ದಾಗ ಇನ್ನೊಬ್ಬ ಬಂದೇ ಬರುತ್ತಾನೆ, ಕಣ್ಣು ಮಿಟುಕಿಸುವಷ್ಟರಲ್ಲಿ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ವಾರ್ಡಿನಲ್ಲಿ ಒಂದೇ ಮಗು ಇದ್ದರೆ? ಇನ್ನೊಬ್ಬ ಬರುವವರೆಗೆ ಅವನು ಅಲ್ಲೇ.

ಪಟ್ಟಿ ಮಾತಾಡುವ ರೀತಿಯೂ ಅಕ್ಕನಿಗೆ ಗೊತ್ತಿತ್ತು. ಅದು ಬ್ಯಾಟರಿ ಉಳಿಸಲು ಸುಮ್ಮನೆ ವಟಗುಟ್ಟುವುದಿಲ್ಲ. ಆಗೊಮ್ಮೆ ಈಗೊಮ್ಮೆ 'ನಾನಿದ್ದೇನೆ' ಎನ್ನುತ್ತದೆ, ಅಷ್ಟೇ. ಉಸಿರು ನಿಂತಾಗ ಮಾತ್ರ ಬೆನ್ನುಬೆನ್ನಿಗೆ ಎರಡು ಪ್ಯಾಕೆಟ್ ಕಳಿಸುತ್ತದೆ. ಮೊದಲನೆಯದು ತನ್ನ ಹೆಸರು ಹೇಳುತ್ತದೆ. ಎರಡನೆಯದು ಸುದ್ದಿ ಹೇಳುತ್ತದೆ. ಮೊದಲನೆಯದಕ್ಕೆ ಗಂಟೆ ಹೊಡೆಯುತ್ತದೆ, ಯಜಮಾನಿ ಬಂದು ಒಳಗೆ ಕರೆದುಕೊಳ್ಳುತ್ತಾಳೆ, ಮೆಟ್ಟಿಲು ಖಾಲಿ ಎಂದು ತಿರುಗುತ್ತಾಳೆ. ಎರಡನೆಯದು ಸರಿಯಾಗಿ ಆ ಗಳಿಗೆಗೇ ಬಂದು ನಿಲ್ಲುತ್ತದೆ. ಹೆಸರು ಒಳಗೆ, ಸುದ್ದಿ ಹೊರಗೆ.

ಅಕ್ಕ ಫೋನು ತೆಗೆದು ಗುಮಾನಿಗೆ ಹಚ್ಚಿದಳು. ಗುಮಾನಿ ಅವಳ ಆಫೀಸಿನಲ್ಲಿ ಪರೀಕ್ಷೆ ಮಾಡುವವನು. ಏನು ಕೊಟ್ಟರೂ ಅನುಮಾನಿಸುತ್ತಾನೆ, ಟೀ ಕೊಟ್ಟರೂ ಮೂಸಿ ನೋಡಿ ಕುಡಿಯುತ್ತಾನೆ ಎಂದು ಆ ಹೆಸರು.

"ಏನು ದೊಡ್ಡಮ್ಮಾ, ಮಗು ಹೇಗಿದೆ?"

"ನನ್ನ ಕರ್ನೆಲ್ ಪರೀಕ್ಷೆ ಹೇಗೆ ಮಾಡಿದೆ ನೀನು?"

"ಹೇಗೆ ಅಂದ್ರೆ? ಮಾಮೂಲಿ. ಪ್ಯಾಕೆಟ್ ಸುರಿಮಳೆ ಸುರಿಸಿದೆ. ಒಂದೂ ಬೀಳಲಿಲ್ಲ, ಒಂದೂ ತಡ ಆಗ್ಲಿಲ್ಲ. ಕುದುರೆ ಥರ ಓಡ್ತು."

"ಒಂದೇ ಒಂದು ಪಟ್ಟಿ ಇಟ್ಟು ನೋಡಿದ್ಯಾ? ಬೇರೆ ಏನೂ ಇಲ್ಲದೆ?"

"ಒಂದಾ?" ಅವನು ನಕ್ಕ. "ಒಂದು ಪ್ಯಾಕೆಟ್ ತಗೊಳ್ಳೋಕೆ ಕಷ್ಟ ಪಡೋ ಯಂತ್ರ ಎಲ್ಲಾದ್ರೂ ಉಂಟಾ? ನಾವು ಮಾಡ್ತಿದ್ದದ್ದು ವೇಗದ ಕೆಲಸ ಅಲ್ವಾ? ಒಂದನ್ನ ಯಾರು ಪರೀಕ್ಷೆ ಮಾಡ್ತಾರೆ?"

"ಮೇಷ್ಟ್ರ ಎರಡನೇ ನೋಟ ತೆಗೆದೆನಲ್ಲ..."

ಆ ಕಡೆ ನಗು ನಿಂತಿತು. ಅವನು ಬುದ್ಧಿವಂತ, ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅಯ್ಯೋ" ಎಂದ, ಬಹಳ ಸಣ್ಣ ದನಿಯಲ್ಲಿ. "ಆ ಡಬ್ಬಿ ಎಲ್ಲೆಲ್ಲೋ ಹೋಗಿದೆಯಲ್ಲ."

ಅಕ್ಕ ಫೋನು ಕಟ್ ಮಾಡಿ ಮೇಜಿನ ಕಡೆ ಓಡಿದಳು. "ಸಿಸ್ಟರ್, ಒಳಗೆ ಹೋಗಿ. ಮಗು ಹತ್ರಾನೇ ನಿಂತ್ಕೊಳ್ಳಿ. ಆ ಬೋರ್ಡ್ ನಂಬಬೇಡಿ."

ನರ್ಸ್ ಕನ್ನಡಕದ ಮೇಲಿಂದ ನೋಡಿದಳು. ದಿನಾ ಹೀಗೆ ಬಂದು ಹೇಳುವವರನ್ನು ಅವಳು ಸಾಕಷ್ಟು ನೋಡಿದ್ದಳು. "ಕೂತ್ಕೊಳ್ಳಮ್ಮ. ಚಿಕ್ಕಮಕ್ಕಳು ಇರೋ ಕಡೆ ಎಲ್ಲರಿಗೂ ಹೀಗೇ ದಿಗಿಲು. ನೀರು ಕುಡೀತೀಯಾ?"

"ದಿಗಿಲಲ್ಲ ಸಿಸ್ಟರ್. ಡಬ್ಬಿಯಲ್ಲಿ ತಪ್ಪಿದೆ. ಸುದ್ದಿ ಅದರ ಬಾಗಿಲಲ್ಲೇ ಸಿಕ್ಕಿಕೊಂಡು ನಿಲ್ಲುತ್ತೆ. ನೀವೇ ಹೇಳಿದ್ರಲ್ಲ, ತಡವಾಗಿ ಹೊಡೀತು ಅಂತ!"

"ಅದೇನೋ ಒಂದು ಸಲ ಆಯ್ತಪ್ಪ. ಈಗ ನೋಡು, ಹಸಿರು ದೀಪ. ಎಲ್ಲ ಸರಿ ಅಂತಿದೆ."

ಬೋರ್ಡು ನಿಜವಾಗಿಯೂ ಹಸಿರಾಗಿತ್ತು. ನಗುವ ಹಾಗೆ ಹಸಿರಾಗಿತ್ತು. ಅಕ್ಕ ಅದರಿಂದ ಕಣ್ಣು ಕಿತ್ತು ಗಾಜಿನ ಆಚೆ ನೋಡಿದಳು. ತೊಟ್ಟಿಲು, ಟೊಪ್ಪಿಗೆ, ಹೊದಿಕೆಯಿಂದ ಹೊರಗೆ ಬಂದ ಒಂದು ಪುಟ್ಟ ಮುಷ್ಟಿ. ಎದೆಯ ಮೇಲಿನ ಬಟ್ಟೆ ಏರಲಿ ಎಂದು ಕಾದಳು. ಬಟ್ಟೆ ಏರಲಿಲ್ಲ. ಬೆಳಕು ಹಾಗೆ ಕಾಣಿಸುತ್ತಿದೆಯೇನೋ ಎಂದು ಗಾಜಿಗೆ ಮೂಗು ಒತ್ತಿ ನೋಡಿದಳು. ಮುಷ್ಟಿ ಸಡಿಲವಾಗಿ ಬಿಚ್ಚಿಕೊಂಡಿತು. ತುಟಿಯ ಸುತ್ತ ಬೂದಿ ಬಳಿದ ಹಾಗಿತ್ತು.

"ಬೋರ್ಡ್ ನೋಡ್ಬೇಡಿ! ಮಗೂನ ನೋಡಿ! ಮಗೂನ ನೋಡಿ!"

ಅವಳು ಎರಡೂ ಕೈಯಿಂದ ಗಾಜಿಗೆ ಬಡಿದಳು. ಆ ಗಾಜು ದಪ್ಪದ್ದು, ಕೂಸುಗಳ ನಿದ್ದೆಗೆಂದೇ ಮಾಡಿಸಿದ್ದು. ಎಷ್ಟು ಬಡಿದರೂ ಆಚೆ ಏನೂ ಕೇಳುವುದಿಲ್ಲ. ನರ್ಸ್ ಒಮ್ಮೆ ಹಸಿರು ದೀಪ ನೋಡಿದಳು, ಒಮ್ಮೆ ಅಕ್ಕನ ಮುಖ ನೋಡಿದಳು. ಮುಖವನ್ನೇ ನಂಬಿದಳು. ಪುಣ್ಯಾತ್ಗಿತ್ತಿ, ಆ ವಯಸ್ಸಿನಲ್ಲಿ ಕುರ್ಚಿ ಹಿಂದಕ್ಕೆ ತಳ್ಳಿ ಓಡಿದಳು. ಒಳಬಾಗಿಲ ಹಿಡಿಯನ್ನು ಮೊಣಕೈಯಿಂದ ಒತ್ತಿದಳು, ತೊಟ್ಟಿಲ ಪಕ್ಕದ ಪುಟ್ಟ ಕಿಟಕಿಯಲ್ಲಿ ಕೈ ತೂರಿಸಿದಳು, ಅಂಗಾಲಿಗೆ ಒಂದೇಟು ಕೊಟ್ಟಳು. ಏನೂ ಆಗಲಿಲ್ಲ. ಇನ್ನೊಂದು ಕೊಟ್ಟಳು. ಬೆನ್ನು ತಿಕ್ಕಿದಳು. ಅಕ್ಕ ಯಾವ ದೇವರನ್ನು ಕರೆಯಬೇಕೆಂದೂ ತೋಚದೆ 'ಬಾರೇ, ಬಾರೇ' ಎಂದಷ್ಟೇ ಹೇಳುತ್ತಿದ್ದಳು.

ಮಗು ಇಡೀ ಮೈಯನ್ನು ಮುದುಡಿ, ಮುಖ ಕೆಂಪಗೆ ಮಾಡಿಕೊಂಡು, ಬಾಯಿ ಅಗಲಿಸಿತು. ಗಾಜಿನ ಈಚೆ ಅಳು ಕೇಳಲಿಲ್ಲ. ತೆರೆದ ಬಾಗಿಲಿನಿಂದ ಸುತ್ತಿ ಬಂದು ಕೇಳಿತು, ಬಟ್ಟೆ ಹರಿದಂಥ ಸಣ್ಣ ಸದ್ದು. ಅಕ್ಕ ಕುಸಿದು ನೆಲದ ಮೇಲೇ ಕೂತಳು.

ನರ್ಸ್ ಮಗುವಿನ ಕೆನ್ನೆ ಒರೆಸಿದಳು, ಹೊದಿಕೆ ಸರಿಮಾಡಿದಳು, ಅದು ಸರಿಯಾಗಿ ಉಸಿರಾಡುವುದನ್ನು ನಿಂತು ನೋಡಿದಳು. ಆಮೇಲೆ ಹೊರಗೆ ಯಾರೂ ಇಲ್ಲದ ಮೇಜಿನ ಮೇಲೆ ಬೋರ್ಡು ಕೆಂಪಾಯಿತು. ಟಿಣ್ ಟಿಣ್ ಟಿಣ್ ಎಂದು ಗಂಟೆ ಹೊಡೆಯಿತು.

ಒಳಗಿದ್ದ ನರ್ಸ್ ತಲೆಯೆತ್ತಿ ಆ ಕಡೆ ನೋಡಿದಳು. ಅವಳ ಮುಖದ ಬಣ್ಣ ಇಳಿದುಹೋಗಿತ್ತು.

"ಇಷ್ಟು ದಿನ ನಾನು ಇದರ ಮುಖ ನೋಡ್ಕೊಂಡು ಕೂತಿದ್ದೆನಲ್ಲಮ್ಮ" ಎಂದಳು ಬಾಗಿಲಿಗೆ ಬಂದು. "ಈಗೇನು ಮಾಡೋದು? ಆಫ್ ಮಾಡ್ಲಾ?"

ಅಕ್ಕ ಎದ್ದಳು. ಡಬ್ಬಿಯನ್ನು ಈಗಿಂದೀಗ ಸರಿಮಾಡಲು ಆಗದು. ಆದರೆ ಮೆಟ್ಟಿಲ ಮೇಲೆ ಇನ್ನೊಬ್ಬ ಬಂದರೆ ನಿಂತವನೂ ಒಳಗೆ ಹೋಗುತ್ತಾನೆ. ಹಾಗಾದರೆ ಬಾಗಿಲಲ್ಲಿ ಸದಾ ಜನ ಇರುವ ಹಾಗೆ ಮಾಡಬೇಕು.

"ಬೇರೆ ಕೂಸುಗಳ ಪಟ್ಟಿ ಎಲ್ಲಿವೆ ಸಿಸ್ಟರ್?"

ಮೇಜಿನ ಡ್ರಾಯರ್ ತುಂಬ ಪಟ್ಟಿಗಳಿದ್ದವು, ತೊಳೆದು ಒಣಗಿಸಿ ಇಟ್ಟಿದ್ದವು. ಇಬ್ಬರೂ ಒಂದೊಂದನ್ನೇ ತೆಗೆದು ಆನ್ ಮಾಡಿ ಮೇಜಿನ ಮೇಲೆ ಎಸೆದರು. ಕಾಲು ಸಿಗದ ಪಟ್ಟಿ ಸುಮ್ಮನಿರುವುದಿಲ್ಲ. 'ಕಾಲಿಲ್ಲ, ಕಾಲಿಲ್ಲ' ಎಂದು ಒಂದೇ ಸಮ ದೂರುತ್ತದೆ. ಬೋರ್ಡಿನ ತುಂಬ ಹಳದಿ ದೀಪಗಳು ಹತ್ತಿಕೊಂಡವು, ಕುಯ್ ಕುಯ್ ಎಂದು ಗದ್ದಲವೋ ಗದ್ದಲ. ಅಷ್ಟು ಹೊತ್ತು ನಿಶ್ಶಬ್ದವಾಗಿದ್ದ ಓಣಿ ಈಗ ಕಿವಿ ಮುಚ್ಚಿಕೊಳ್ಳುವ ಹಾಗಾಯಿತು. ಅಕ್ಕನಿಗೆ ಆ ಸದ್ದು ಕೇಳಿ ಅಳು ಬಂತು.

"ಹಳದಿ ಬಿಟ್ಬಿಡಿ. ಕೆಂಪು ಬಂದ್ರೆ ಓಡಿ. ಕೆಂಪು ಈಗ ತಡ ಆಗಲ್ಲ. ಆದ್ರೂ ಕಣ್ಣು ಮಗು ಮೇಲೇ ಇರಲಿ."

"ಇನ್ನು ನಾನು ಒಳಗೇ ಕುರ್ಚಿ ಹಾಕ್ಕೋತೀನಿ. ಸಾಕು ಈ ಬೋರ್ಡಿನ ಸಹವಾಸ" ಎಂದಳು ನರ್ಸ್.

ತಂಗಿ ಅಷ್ಟರಲ್ಲಿ ಎದ್ದು ಬಂದಿದ್ದಳು, ಕೆನ್ನೆಯ ಮೇಲೆ ದಿಂಬಿನ ಗೆರೆ. ಏನಾಯಿತು ಎಂದು ಕೇಳುವ ಮೊದಲೇ ನರ್ಸ್ ಬಾಗಿಲಲ್ಲಿ ನಿಂತು ಹೇಳಿಬಿಟ್ಟಳು. "ನಿಮ್ಮಕ್ಕ ನೋಡಿದ್ಲು ಕಣಮ್ಮ. ಬೋರ್ಡ್ ನೋಡಲಿಲ್ಲ, ನಾನು ನೋಡಲಿಲ್ಲ, ಅವಳು ನೋಡಿದ್ಲು. ಮಗು ಇದೆ ಅಂದ್ರೆ ಅವಳಿಂದ."

ತಂಗಿ ಗಾಜಿನ ಹತ್ತಿರ ಹೋಗಿ ಮಗು ಕೈಕಾಲು ಆಡಿಸುವುದನ್ನು ನೋಡಿದಳು. ವಾಪಸ್ಸು ಬಂದು ಅಕ್ಕನನ್ನು ತಬ್ಬಿಕೊಂಡು ಬಿಕ್ಕಿದಳು. "ನೀನು ಇವತ್ತು ಬರದೇ ಇದ್ದಿದ್ರೆ..."

ಸುಮ್ಮನಿದ್ದುಬಿಡಬಹುದಿತ್ತು. ಅಕ್ಕನಿಗೆ ಒಂದು ಗಳಿಗೆ ಆ ಆಸೆ ಬಂದದ್ದೂ ನಿಜ. ತಂಗಿಯ ಕೈ ಅವಳ ಬೆನ್ನ ಮೇಲಿತ್ತು, ಬೆಚ್ಚಗಿತ್ತು. ಆದರೆ ಆ ಕೈ ಹಾಗೆ ಇರುವಷ್ಟು ಹೊತ್ತೂ ಅವಳಿಗೆ ಉಸಿರು ಕಟ್ಟುತ್ತಿತ್ತು.

"ನಾನೇ ಮಾಡಿದ್ದು ಕಣೇ" ಎಂದಳು. "ಗಂಟೆ ಹೊಡೀಲಿಲ್ಲ ಅಂದ್ರೆ ನನ್ನಿಂದ. ಯಜಮಾನಿ ಇನ್ನೊಂದು ಸಲ ಬಾಗಿಲು ನೋಡಬೇಕಿತ್ತು. ಅದು ದಂಡ ಅಂತ ನಾನೇ ತೆಗೆದುಹಾಕಿದೆ. ಸುದ್ದಿ ಮೆಟ್ಟಿಲ ಮೇಲೇ ನಿಂತಿತ್ತು."

ಬೆನ್ನ ಮೇಲಿನ ಕೈ ಕೆಳಗಿಳಿಯಿತು. ತಂಗಿ ಒಂದು ಹೆಜ್ಜೆ ಹಿಂದಕ್ಕೆ ಸರಿದು ಅಕ್ಕನ ಮುಖವನ್ನೇ ನೋಡಿದಳು. ಬೈಯಲಿ, ಹೊಡೆಯಲಿ ಎಂದು ಅಕ್ಕ ಕಾದಳು. ಮೇಜಿನ ಮೇಲೆ ಪಟ್ಟಿಗಳು ಕುಯ್‌ಗುಟ್ಟುತ್ತಲೇ ಇದ್ದವು.

"ನೀನು ಕಾಯ್ತಿದೀಯ ಅಂತ ನಾನು ಮಲಗೋಕೆ ಹೋದೆ" ಎಂದಳು ತಂಗಿ.

ಅವಳ ಕಣ್ಣು ಬೋರ್ಡಿನ ಕೆಳಗಿನ ಡಬ್ಬಿಯ ಕಡೆ ಹೋಯಿತು.

"ಆ ಡಬ್ಬಿ ಇನ್ನೂ ಎಲ್ಲೆಲ್ಲಿದೆ?"

"ಬಹಳ ಕಡೆ."

"ಅಲ್ಲೂ ಕೂಸುಗಳು ಇರ್ತಾವಾ? ಒಂದೊಂದೇ, ಹೀಗೆ?"

"ಇರಬಹುದು. ದೊಡ್ಡ ಆಸ್ಪತ್ರೆಗಳಲ್ಲಿ ವಾರ್ಡ್ ತುಂಬಿರುತ್ತೆ, ಏನಾಗಲ್ಲ. ಚಿಕ್ಕ ಚಿಕ್ಕ ಕಡೆ..."

ತಂಗಿ ತನ್ನ ಕುರ್ಚಿಗೆ ಹೋಗಿ ಕೂತಳು, ಗಾಜಿಗೆ ಹಣೆ ಒತ್ತಿಕೊಂಡಳು. ಮುಖ ತಿರುಗಿಸದೆಯೇ ಹೇಳಿದಳು. "ಇಲ್ಲಿ ನಾನಿದೀನಿ. ನನ್ನ ಕಣ್ಣಿದೆ, ಆ ಸಿಸ್ಟರ್ ಇದಾರೆ. ನೀನು ಯಾಕೆ ಇಲ್ಲಿ ನಿಂತಿದೀಯ? ಅಲ್ಲೆಲ್ಲ ಗಾಜಿನ ಹತ್ರ ನಿಂತು ನೋಡೋಕೆ ದೊಡ್ಡಮ್ಮ ಇಲ್ಲ."

ಅಕ್ಕ ಮೆಟ್ಟಿಲ ಕಡೆ ಓಡಿದಳು. ಓಣಿಯ ಗದ್ದಲ ಕೇಳದಷ್ಟು ದೂರ ಇಳಿದು, ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಒರಗಿ ಕೂತು ಗುಮಾನಿಗೆ ಮತ್ತೆ ಫೋನು ಮಾಡಿದಳು. ಅವನು ಆಗಲೇ ಆಫೀಸನ್ನೆಲ್ಲ ಎಬ್ಬಿಸಿಬಿಟ್ಟಿದ್ದ. ಮೇಷ್ಟ್ರ ಹಳೆಯ ಕರ್ನೆಲ್ಲನ್ನು ವಾಪಸ್ಸು ಹಾಕಲು ತಯಾರಿ ನಡೆದಿತ್ತು. ಆದರೆ ಡಬ್ಬಿಯನ್ನು ನಿಲ್ಲಿಸಿ ಮತ್ತೆ ಶುರು ಮಾಡಬೇಕು, ಅದಕ್ಕೆ ಪ್ರತಿ ಆಸ್ಪತ್ರೆಯವರೂ ಒಪ್ಪಬೇಕು, ಹೊತ್ತು ಹಿಡಿಯುತ್ತದೆ.

"ಮ್ಯಾನೇಜರ್ ಕೇಳ್ತಿದಾರೆ, ಎಲ್ಲರಿಗೂ ಹೇಳಲೇಬೇಕಾ ಅಂತ. ವೇಗ ಹೋಗುತ್ತಲ್ಲ, ಹೆಸರು ಕೆಡುತ್ತಲ್ಲ ಅಂತ."

"ಅವರಿಗೆ ಇಲ್ಲಿಗೆ ಬಂದು ಈ ಗಾಜಿನ ಮುಂದೆ ನಿಂತ್ಕೊಳ್ಳೋಕೆ ಹೇಳು. ನನಗೆ ನಂಬರ್ ಕೊಡು. ಚಿಕ್ಕ ಜಾಗಗಳದ್ದು ಮೊದಲು. ಕಡಿಮೆ ಪ್ಯಾಕೆಟ್ ಬರೋದು ಎಲ್ಲಿಂದ ಅಂತ ನಿನಗೆ ಕಾಣುತ್ತಲ್ಲ?"

"ಕಾಣುತ್ತೆ" ಎಂದ ಗುಮಾನಿ. ಕೀಲಿ ಒತ್ತುವ ಸದ್ದು ಕೇಳಿಸಿತು. "ಒಂದು ಕಡೆಯಿಂದ ಇವತ್ತು ಏನೂ ಬಂದೇ ಇಲ್ಲ ಅನ್ನೋಷ್ಟು ಕಡಿಮೆ."

ಅಕ್ಕ ಆ ನಂಬರಿಗೇ ಮೊದಲು ಹಚ್ಚಿದಳು. ಗಂಟೆ ಹೋಗುತ್ತಲೇ ಇತ್ತು. ಯಾರೂ ತೆಗೆಯಲಿಲ್ಲ. ಇನ್ನೇನು ನಿಲ್ಲಬೇಕು ಎನ್ನುವಾಗ ಒಬ್ಬ ಹುಡುಗಿಯ ದನಿ ಬಂತು, ಎಳೆಯ ದನಿ, ನಿದ್ದೆಗಣ್ಣಿನದು.

"ಹೇಳಿ."

ಅಕ್ಕ ತಾನು ಯಾರೆಂದು ಹೇಳಿದಳು. ವಾರ್ಡಿನಲ್ಲಿ ಕೂಸುಗಳಿವೆಯೇ ಎಂದು ಕೇಳಿದಳು.

"ಒಂದೇ ಇದೆ ಮೇಡಂ. ಆರಾಮಾಗಿದೆ. ನಿಮ್ಮ ಡಬ್ಬಿನೂ ಚೆನ್ನಾಗಿದೆ. ತುಂಬಾ ಶಾಂತವಾಗಿದೆ ಇಲ್ಲಿ, ಬೆಳಿಗ್ಗೆಯಿಂದ ಒಂದು ಸಲಾನೂ ಗಂಟೆ ಹೊಡೆದಿಲ್ಲ."

ಅಕ್ಕ ಕೂತಲ್ಲಿಂದ ಎದ್ದು ಗೋಡೆ ಹಿಡಿದುಕೊಂಡಳು.

"ಎದ್ದೇಳಮ್ಮ. ಫೋನ್ ಅಲ್ಲೇ ಇಟ್ಟು ಓಡು. ಹೋಗಿ ಮಗು ಕಾಲಿಗೆ ಒಂದು ಏಟು ಕೊಡು."

"ಮಲಗಿದೆ ಮೇಡಂ..."

"ಓಡು ಅಂದೆ!"

ಫೋನು ಮೇಜಿಗೆ ಬಿದ್ದ ಸದ್ದು. ಚಪ್ಪಲಿಯ ಸದ್ದು, ದೂರ ದೂರ ಹೋಯಿತು. ಬಾಗಿಲು ಕಿರ್ರೆಂದಿತು. ಆಮೇಲೆ ಏನೂ ಇಲ್ಲ. ಅಕ್ಕ ಕಿವಿಗೆ ಫೋನನ್ನು ನೋಯುವಷ್ಟು ಒತ್ತಿ ಹಿಡಿದಳು. ಮೇಲಿನಿಂದ ಇಳಿದು ಬಂದ ಯಾರೋ ಅವಳನ್ನು ದಾಟಿ ಹೋದರು, ಏನಮ್ಮ ಎಂದು ಕೇಳಿದರು. ಅವಳು ಸುಮ್ಮನಿರಿ ಎಂದು ಕೈ ಮಾಡಿದಳು. ಏನೂ ಕೇಳಿಸುತ್ತಿರಲಿಲ್ಲ. ಆ ಕಡೆಯ ವಾರ್ಡಿನ ಶಾಂತಿಯೇ ಕೇಳಿಸುತ್ತಿತ್ತು.

ಆಮೇಲೆ ಒಂದು ಅಳು. ಮೊದಲು ಸಣ್ಣಗೆ, ಆಮೇಲೆ ಕಟ್ಟಡ ಹಾರಿಹೋಗುವ ಹಾಗೆ.

ಚಪ್ಪಲಿಯ ಸದ್ದು ವಾಪಸ್ಸು ಬಂತು. ಹುಡುಗಿಗೆ ಕೆಂಡದಂಥ ಸಿಟ್ಟು ಬಂದಿತ್ತು. "ಏನು ಮೇಡಂ ನೀವು? ಈಗಷ್ಟೇ ಮಲಗಿತ್ತು. ಉಸಿರಾಡ್ತಾ ಚೆನ್ನಾಗೇ ಇತ್ತು. ಏಟು ಕೊಡು ಅಂದ್ರಿ ಅಂತ ಕೊಟ್ಟೆ. ಕೇಳಿ ಹೇಗೆ ಅಳ್ತಿದೆ ಅಂತ! ಇನ್ನು ಇದನ್ನ ಸಮಾಧಾನ ಮಾಡೋರು ಯಾರು?"

"ಅಳಲಿ ಬಿಡಮ್ಮ" ಎಂದಳು ಅಕ್ಕ. ಅವಳ ಕಣ್ಣೀರು ಕೆನ್ನೆಯ ಮೇಲಿಂದ ಫೋನಿನ ಮೇಲೆ ಇಳಿಯುತ್ತಿತ್ತು. "ಎತ್ಕೊಂಡು ನಿನ್ನ ಹತ್ರಾನೇ ಇಟ್ಕೋ. ಗಂಟೆ ಕಾಯಬೇಡ. ನಾನು ಮತ್ತೆ ಹೇಳೋವರೆಗೂ ಕೆಳಗೆ ಇಳಿಸಬೇಡ."

ಯಾಕೆ ಎಂದು ಹುಡುಗಿ ಕೇಳಿದಳು. ಅಕ್ಕ ಮುಚ್ಚಿಡದೆ ಎಲ್ಲವನ್ನೂ ಹೇಳಿದಳು. ಆ ಕಡೆ ಸಿಟ್ಟು ಇಳಿಯಿತು, ಮಗುವಿನ ಅಳು ಹತ್ತಿರ ಬಂತು. ಹುಡುಗಿ ಎತ್ತಿಕೊಂಡಿದ್ದಳು.

ಅಕ್ಕ ಆ ಅಳುವನ್ನು ಇನ್ನೊಂದು ಚೂರು ಕೇಳಿಸಿಕೊಂಡು ಫೋನು ಇಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು ಗುಮಾನಿ ಕಳಿಸಿದ್ದ ಮುಂದಿನ ನಂಬರು ಒತ್ತಿದಳು. ಗಂಟೆ ಹೋಗತೊಡಗಿತು.